ಹಸಿ ಬಣ್ಣ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಿದ್ದೆಗಣ್ಣು, ಇಲ್ಲವೇ ಬಾಯಿಚಪಲ ಎಂದು ತಳ್ಳಿಹಾಕುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನಗಬೇಕೆನಿಸಿದರೆ ನಗಿ, ನನಗೆ ಬೇಸರವಿಲ್ಲ.

ಹತ್ತು ವರ್ಷಕ್ಕೂ ಹಿಂದಿನ ಮಾತು. ದುಬೈಯ ಕರಾಮದಲ್ಲಿ ಆರು ಮಂದಿಯ ರೂಮಿನಲ್ಲಿ ಒಂದು ಮಂಚ ನನ್ನದು. ಆ ಊರಿನಲ್ಲಿ ನನ್ನವರು ಅಂತ ಇದ್ದದ್ದು ಸಾಲ್ವದೋರ್ ಪೊರ್ಬುಗಳು ಒಬ್ಬರೇ. ಮಂಗಳೂರು ಕಡೆಯ ಕ್ರೈಸ್ತ ಹಿರಿಯರು, ರಾಸ್ ಅಲ್ ಖೋರಿನ ವರ್ಕ್‌ಶಾಪೊಂದರಲ್ಲಿ ಮರದ ಪೆಟ್ಟಿಗೆ ಮಾಡುವ ಬಡಗಿ. ಸಮುದ್ರದ ಮೀನನ್ನು ಮರುಳು ಮಾಡಿ ಹಿಡಿಯಲು, ಮಿಕ್ಕ ಹಲಗೆ ಚೂರುಗಳಿಂದ ಬೆರಳುದ್ದದ ಮೀನು ಕೆತ್ತಿ, ಹೊಟ್ಟೆಗೆ ಸೀಸ ತುಂಬಿ, ಗಾಳ ಸಿಕ್ಕಿಸಿ, ನೇಲ್ ಪಾಲಿಶ್ ಬಳಿಯುವುದು ಅವರ ಹುಚ್ಚು. ನನಗೂ ಹತ್ತಿಸಿದರು. ಚಳಿಗಾಲದ ತಣ್ಣೀರಿನಲ್ಲಿ ಹಮೂರ್ ಮೀನಿಗೆ ಸೋಮಾರಿತನ, ಏನನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ನಮ್ಮ ಮರದ ಮೀನು ಅದರ ಮೂಗಿನ ಮುಂದೆ ತೇಲದೆ ಮುಳುಗದೆ ನಿಲ್ಲಬೇಕು ಎನ್ನುತ್ತಿದ್ದರು. ಅದಕ್ಕೇ ಬಕೆಟ್ಟಿನ ನೀರಿಗೆ ಉಪ್ಪು ಕದಡಿ ತೂಕ ನೋಡುವುದು. ಉಪ್ಪು ಮರೆತರೆ, ಬಕೆಟ್ಟಿನಲ್ಲಿ ಸರಿಯಾಗಿ ನಿಂತದ್ದು ಸಮುದ್ರದಲ್ಲಿ ತೇಲಿಬಿಡುತ್ತದೆ. ಶುಕ್ರವಾರ ರಜೆ, ಅದರ ಹಿಂದಿನ ಗುರುವಾರ ಸಂಜೆ ಫೋನಿನಲ್ಲಿ ಅವರ ಮೊದಲ ಮಾತು ಯಾವಾಗಲೂ ಒಂದೇ: “ಬಣ್ಣ ಒಣಗಿತಾ ಮಾರಾಯಾ?”

ಅವರು ವೀಸಾ ಮುಗಿದು ಊರಿಗೆ ಹೊರಟಾಗ, ನಾವಿಬ್ಬರೂ ಸೇರಿ ಮಾಡಿದ ಹಸಿರು ಮೀನನ್ನು ನನ್ನ ಕೈಯಲ್ಲಿಟ್ಟರು. ಅದರ ಬಾಲದಲ್ಲಿ ನನ್ನ ಚಾಕು ಜಾರಿ ಬಿದ್ದ ಕಚ್ಚು ಇತ್ತು. “ಇದನ್ನು ಕಳ್ಕೊಳ್ಬೇಡ ಆಯ್ತಾ,” ಎಂದರು. ಮರುವಾರವೇ ಅದನ್ನು ದಾರಕ್ಕೆ ಕಟ್ಟಿ, ದುಬೈಯ ನಡುವೆ ಹಾದ ಸಮುದ್ರದ ಕವಲಾದ ಕ್ರೀಕಿನಲ್ಲಿ ಎಸೆದೆ. ಅವಸರದಲ್ಲಿ ಹಾಕಿದ ಗಂಟು ಬಿಚ್ಚಿ ಮೀನು ನೀರುಪಾಲಾಯಿತು. ಹೇಳಲು ಬಾಯಿ ಬರಲಿಲ್ಲ. ಅವರು ಕೇಳಿದಾಗ ಇದೆ ಎಂದೆ, ಅದರಲ್ಲೇ ದೊಡ್ಡ ಹಮೂರ್ ಸಿಕ್ಕಿತು ಎಂದೂ ಸೇರಿಸಿದೆ. ಸುಳ್ಳು ಬೆಳೆಯಿತು. ಕೊನೆಗೆ ಅವರ ಫೋನ್ ಎತ್ತುವುದನ್ನೇ ಬಿಟ್ಟೆ. ಕೆಲವು ತಿಂಗಳಲ್ಲಿ ಫೋನ್ ಬರುವುದೂ ನಿಂತಿತು. ಐದು ಜನರ ಗೊರಕೆಯ ನಡುವೆ ಮಲಗಿ, ಇದ್ದೊಬ್ಬರನ್ನೂ ಕಳೆದುಕೊಂಡೆನಲ್ಲ ಎಂದು ಸಂಕಟಪಡುತ್ತಿದ್ದೆ.

ಮುಂದಿನ ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ, ನಾನೊಬ್ಬನೇ ಮಾಡಿದ ಹೊಸ ಮೀನು ಹಿಡಿದು ಅದೇ ಕ್ರೀಕಿನ ಬರ್ ದುಬೈ ದಂಡೆಗೆ ಹೋದೆ. ಮಂಜು ಎಷ್ಟಿತ್ತೆಂದರೆ ಅಬ್ರಾ ದೋಣಿಗಳೂ ಹೊರಟಿರಲಿಲ್ಲ. ಎಸೆದೆ. ಮೀನು ತೇಲಿತು. ಬಕೆಟ್ಟಿಗೆ ಉಪ್ಪು ಹಾಕುವುದನ್ನು ಮರೆತಿದ್ದೆ. ಬಯ್ಯುವುದಕ್ಕೂ ಒಬ್ಬರಿಲ್ಲ ಎನಿಸಿ ಕಣ್ಣು ತುಂಬಿತು. ಅಷ್ಟರಲ್ಲಿ ಅದು ನೀರಿನ ಸೆಳೆತಕ್ಕೆ ಸಾಗಿ, ಕಟ್ಟಿಹಾಕಿದ್ದ ದೋಣಿಯೊಂದರ ಹಗ್ಗಕ್ಕೆ ಸಿಕ್ಕಿಕೊಂಡಿತು. ಮೆಲ್ಲಗೆ ಎಳೆದೆ. ಬಂದಾಗ ಅದರ ಗಾಳಕ್ಕೆ ಇನ್ನೊಂದು ಮರದ ಮೀನು ಜೋತುಬಿದ್ದಿತ್ತು. ಹಸಿರು. ಬಾಲದಲ್ಲಿ ಅದೇ ಕಚ್ಚು.

ವರ್ಷವಿಡೀ ಆ ಹಗ್ಗದಲ್ಲೇ ಇತ್ತು ಎಂದುಕೊಳ್ಳೋಣ. ಆದರೆ ಉಪ್ಪುನೀರಿನಲ್ಲಿ ಬೇಗನೆ ತುಕ್ಕು ಹಿಡಿಯುವ ಗಾಳ ಹೊಳೆಯುತ್ತಿತ್ತು. ನೇಲ್ ಪಾಲಿಶಿನ ವಾಸನೆ ಮೂಗಿಗೆ ಹೊಡೆಯಿತು. ಹಿಡಿದರೆ ಬೆನ್ನಿನ ಹಸಿರು ನನ್ನ ಹೆಬ್ಬೆರಳಿಗೆ ಅಂಟಿಕೊಂಡಿತು.

ಅಲ್ಲಿಂದಲೇ ಊರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಪೊರ್ಬುಗಳು, “ಬಣ್ಣ ಒಣಗಿತಾ ಮಾರಾಯಾ?” ಎಂದರು. ಅದು ಅವರ ಹಳೆಯ ಅಭ್ಯಾಸ ಎಂದು ನನಗೆ ಗೊತ್ತು. ಆದರೂ ಹೆಬ್ಬೆರಳಿನ ಹಸಿರಿನ ಮೇಲೆ ಕಣ್ಣು ಹೋಯಿತು. ಹೇಳಿದ ಸುಳ್ಳನ್ನೆಲ್ಲ ಒಪ್ಪಿಕೊಂಡೆ.

“ಅದು ನಂಗೆ ಆವತ್ತೇ ಗೊತ್ತುಂಟು. ನೀನು ಗಂಟು ಹಾಕುದನ್ನು ಅಲ್ಲಿರುವಾಗ ನಾನು ನೋಡ್ಲಿಲ್ವಾ? ಅದಕ್ಕೆ ಫೋನ್ ತೆಗೀದೆ ಕೂತ್ಕೊಳ್ಳುದಾ?” ಎಂದು ನಕ್ಕರು.

“ಪೊರ್ಬುಗಳೇ, ಆ ಮೀನು ಈಗ ಸಿಕ್ಕಿತು, ಬಣ್ಣ ಇನ್ನೂ ಹಸಿ ಉಂಟು,” ಎಂದೆ.

 “ಹಾಗಾದ್ರೆ ಮುಟ್ಬೇಡ,” ಎಂದರು.

ಅವರು ತೀರಿಕೊಳ್ಳುವವರೆಗೆ ಮತ್ತೆ ಪ್ರತಿ ಗುರುವಾರ ಮಾತಾಡಿದೆವು. ಆ ಬೆಳಗಿನ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಯಾರೋ ತಮಗೆ ಸಿಕ್ಕಿದ ಆ ಮೀನಿಗೆ ಹೊಸ ಗಾಳ ಸಿಕ್ಕಿಸಿ, ಬಣ್ಣ ಬಳಿದು ಎಸೆದರೋ, ನನ್ನ ಮೂಗು ಕಣ್ಣುಗಳೇ ನನಗೆ ಮೋಸ ಮಾಡಿದವೋ, ಎಲ್ಲ ಯೋಚಿಸಿದ್ದೇನೆ. ಯಾವುದೂ ಹೊಂದುವುದಿಲ್ಲ. ಮೀನು ಈಗ ನನ್ನ ಮೇಜಿನ ಮೇಲಿದೆ. ಬಣ್ಣ ಒಣಗಿ ಎಷ್ಟೋ ವರ್ಷವಾಯಿತು. ಕೇಳುವವರು ಇಲ್ಲ. ಬೆನ್ನಿನ ಮೇಲೆ ನನ್ನ ಹೆಬ್ಬೆರಳಿನ ಗುರುತು ಹಾಗೇ ಇದೆ.