ಪಾತ್ರೆಯಕ್ಕನ ಸಿಂಕಿನಲ್ಲಿ ಸೂರ್ಯ

ಬಾಹ್ಯಾಕಾಶದ ಲೆಕ್ಕ ಹಾಕುವ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಕರೆಯುವವರ ಬಾಯಲ್ಲಿ ಅವಳು ಪಾತ್ರೆಯಕ್ಕ. ಅವಳಿಗೆ ಬೇಕಾಗಿದ್ದುದು ಒಂದೇ, ಪಕ್ಕದ ಕೋಣೆ. ದೊಡ್ಡ ಹಂಡೆಗಳನ್ನೆಲ್ಲ ಬಾಗಿಲ ಹೊರಗಿನ ಇಕ್ಕಟ್ಟು ದಾರಿಯಲ್ಲಿ ಪೇರಿಸಿಟ್ಟು, ದಿನಕ್ಕೆ ನಾಲ್ಕು ಸಲ ಮೊಣಕಾಲು ತಗುಲಿಸಿಕೊಂಡು ಸಾಕಾಗಿತ್ತು. ಆ ಕೋಣೆಯಲ್ಲಿದ್ದುದೋ ಗೋಡೆ ತುಂಬ ಚಿತ್ರ. ಕನ್ನಡಕದ ಮೇಡಂ ಅಲ್ಲಿ ಬಂದವರಿಗೆ ಸೂರ್ಯನ ಗಾಳಿಯ ವಿಷಯ ಹೇಳುತ್ತಿದ್ದರು. ಬಂದವರು ಆಕಳಿಸಿ ಹೋಗುತ್ತಿದ್ದರು.

ಕೋಣೆ ತನಗೇ ಬೇಕೆಂಬ ಇಬ್ಬರ ಅರ್ಜಿಯೂ ಕೇಳಿ ಕೇಳಿ ದೊಡ್ಡ ಸಾಹೇಬರು ಒಂದು ದಾರಿ ಹುಡುಕಿದರು. "ಮೇಡಂ, ಪಾತ್ರೆಯಕ್ಕನಿಗೇ ಹೇಳಿ ನೋಡಿ. ಅವಳಿಗೆ ಅರ್ಥ ಆದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಹಂಡೆಗಳದ್ದು."

ಅಡುಗೆಯವಳು ಪಾತ್ರೆಯಕ್ಕನ ನಾದಿನಿ. ಅವಳಿಗೆ ನಗು ತಡೆಯಲಿಲ್ಲ. "ಕೂತಲ್ಲೇ ಕೋಣೆ ಬಂತು ನೋಡು ಅತ್ತಿಗೆ. ಏನೂ ತಿಳೀಲಿಲ್ಲ ಅಂದ್ಬಿಡು. ನಿಂಗದು ಕಷ್ಟಾನೂ ಅಲ್ಲ."

"ನಿಮ್ಮಣ್ಣನ್ನ ಕಟ್ಕೊಂಡು ಮೂವತ್ತು ವರ್ಷ ಅದನ್ನೇ ಅಭ್ಯಾಸ ಮಾಡಿದೀನಿ ಬಿಡು."

ಊಟದ ಹೊತ್ತು ಮುಗಿದ ಮೇಲೆ ಮೇಡಂ ಬಂದರು, ಬೆನ್ನಿಗೇ ಸಾಹೇಬರು. ತಟ್ಟೆಯ ರಾಶಿ ಕರಗದೆ ಪಾತ್ರೆಯಕ್ಕ ಕದಲುವವಳಲ್ಲ, ಸಿಂಕಿನ ಮುಂದೆ ನಿಂತೇ ಕೇಳಿದಳು. ಸೂರ್ಯನಿಂದ ಸುತ್ತಲೂ ಗಾಳಿ ಬೀಸುತ್ತಂತೆ, ಸೆಕೆಂಡಿಗೆ ನಾನೂರು ಕಿಲೋಮೀಟರ್. ಗ್ರಹಗಳನ್ನೆಲ್ಲ ದಾಟಿ ಓಡುತ್ತಂತೆ. ನಕ್ಷತ್ರಗಳ ನಡುವಿನ ತೆಳು ಅನಿಲ ಅದನ್ನು ಎದುರಿನಿಂದ ಒತ್ತುತ್ತಂತೆ. ಆ ಒತ್ತಡಕ್ಕೆ ಒಂದು ಕಡೆ ಗಾಳಿ ಥಟ್ಟನೆ ನಿಧಾನವಾಗಿ, ದಟ್ಟವಾಗಿ, ಬಿಸಿಯಾಗುತ್ತಂತೆ. "ಅದೇ ಆಘಾತದ ಅಲೆ ಅಕ್ಕಾ" ಎಂದರು ಮೇಡಂ, ಬೆವರು ಒರೆಸಿಕೊಳ್ಳುತ್ತ.

ಪಾತ್ರೆಯಕ್ಕನ ಕಣ್ಣು ಸಿಂಕಿನಲ್ಲಿತ್ತು. ಮಗುಚಿಟ್ಟ ತಟ್ಟೆಯ ಮೇಲೆ ನಲ್ಲಿ ನೀರು ಬೀಳುತ್ತಿತ್ತು. ಬಿದ್ದಲ್ಲಿಂದ ಗಾಜಿನಷ್ಟು ತೆಳ್ಳಗೆ ಸರ್ರನೆ ಸುತ್ತ ಹರಡಿ, ನಾಲ್ಕು ಬೆರಳಿನಾಚೆ ತಟಕ್ಕನೆ ತಡೆದು, ದಪ್ಪ ಬಳೆಯಂತೆ ಮೇಲೇಳುತ್ತಿತ್ತು. ಬಳೆಯಾಚೆ ನೀರಿಗೆ ಯಾವ ಅವಸರವೂ ಇಲ್ಲ. ಎಂಜಲು ಬೇಗ ಹೋಗುವುದು ಬಳೆಯ ಒಳಗೇ ಎಂದು ಅವಳ ಕೈಗೆ ಎಂದೋ ಗೊತ್ತಿತ್ತು.

ನಾದಿನಿ ಹಿಂದಿನಿಂದ ತಿವಿದಳು. ಒಂದು ಮಾತು ಹೇಳಿದರೆ ಕೋಣೆ ತನ್ನದು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಬಾಯಿಂದ ಬಿದ್ದದ್ದು ಬೇರೆ.

"ಅಲ್ಲ ಮೇಡಂ, ನಿಮ್ಮ ಸೂರ್ಯ ಯಾವಾಗ್ಲೂ ಒಂದೇ ಸಮ ಬಿಡ್ತಾನಾ? ಟ್ಯಾಂಕ್ ತುಂಬಿದ್ರೆ ಈ ಬಳೆ ದೊಡ್ಡದಾಗತ್ತೆ, ನೀರು ಕಮ್ಮಿ ಆದ್ರೆ ಚಿಕ್ಕದಾಗತ್ತೆ."

ಮೇಡಂ ಕನ್ನಡಕ ತೆಗೆದು ಸಿಂಕಿನೊಳಗೆ ಬಗ್ಗಿದರು. ನಲ್ಲಿ ತಿರುಗಿಸಿದರು, ಮತ್ತೆ ತಿರುಗಿಸಿದರು. "ಒಂದೇ ಸಮ ಇಲ್ಲ ಅಕ್ಕಾ. ಆ ಆಘಾತದ ಅಂಚೂ ಹಿಂದೆ ಮುಂದೆ ಆಗತ್ತೆ. ಅಷ್ಟು ದೂರ ಹೋದ ಒಂದು ನೌಕೆ ಅದನ್ನ ಹಲವು ಸಲ ದಾಟಬೇಕಾಯ್ತು."

"ಮತ್ತೆ? ಬಳೆ ಅದರ ಮೇಲೇ ಓಡಾಡ್ತಿದ್ರೆ ಪಾಪ, ಅದೇನು ಮಾಡತ್ತೆ."

ಸಾಹೇಬರು ಕೆಮ್ಮಿದರು. "ಸರಿ. ಕೋಣೆ ಮೇಡಂದು."

ನಾದಿನಿ ಹಣೆ ಚಚ್ಚಿಕೊಂಡಳು. "ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿಂಗೆ?"

"ದಿನಾ ಕಾಣೋದನ್ನ ಕಾಣೆ ಅನ್ನೋದು ಹೇಗೇ?" ಪಾತ್ರೆಯಕ್ಕ ಹೊರಗಿನ ಹಂಡೆಗಳತ್ತ ನೋಡಿದಳು, ಮೊಣಕಾಲು ತಡವಿಕೊಂಡಳು, ಆಮೇಲೆ ಸಾಹೇಬರ ಕಡೆ ತಿರುಗಿದಳು.

"ಸಾರ್, ಇದನ್ನ ಜನಕ್ಕೆ ತೋರಿಸ್ಬೇಕಂದ್ರೆ ಆ ಕೋಣೇಲೂ ಒಂದು ಸಿಂಕ್ ಬೇಕಲ್ವಾ. ಸ್ವಲ್ಪ ದೊಡ್ಡದೇ ಹಾಕ್ಸಿ. ಕೆಳಗೆ ನಾಲ್ಕು ಹಂಡೆ ಹಿಡಿಯೋ ಹಾಗೆ."

ಸಾಹೇಬರು ಮೇಡಂ ಮುಖ ನೋಡಿದರು. ಮೇಡಂ ಇನ್ನೂ ನಲ್ಲಿ ತಿರುಗಿಸುತ್ತಲೇ ಇದ್ದರು.

"ಐದು ಹಿಡೀಲಿ" ಎಂದರು, ತಲೆಯೆತ್ತದೆ.