ನನ್ನ ಮಾಡೆಲ್ ಕಾಪಿ ಹೊಡದಾವಂತ!

ದೋಸ್ತರ, ಇವತ್ತು ನನ್ನ ಪಿಎಚ್‌ಡಿ ಕಾಪಿ ಕೇಸಿನ್ಯಾಗ ಸಿಕ್ಕಿಬಿದ್ದೈತಿ.

ಸಿಂಧನೂರಾಗ ನಮ್ಮ ಸೋದರಮಾವಂದು ಅಕ್ಕಿ ಗಿರಣಿ ಐತಿ. ಮಾವ ರಿಟೈರಾದ ಗಣಿತದ ಮಾಸ್ತರ. ಒಂದು ತಳಿ ಭತ್ತ ಮುಗಿಸಿ ಇನ್ನೊಂದು ಹಾಕಬೇಕಂದ್ರ ಮಷೀನ್ ಪೂರಾ ಖಾಲಿ ಮಾಡಿ ಸ್ವಚ್ಛ ಮಾಡಬೇಕು. ಹಂಗಾಗಿ ಯಾವುದು ಮೊದಲು ಅಂತ ಅಲ್ಲಿ ದಿನಾ ಜಗಳ. ಅದನ್ನ ಬಿಡಸಾಕ ನಾ ಇಂಟಿಜರ್ ಪ್ರೋಗ್ರಾಮಿಂಗ್‌ನ ಎರಡು ಮಾಡೆಲ್, ಅಂದ್ರ ಎಲ್ಲಕ್ಕಿಂತ ಚಲೋ ಸರದಿ ಹುಡುಕೋ ಎರಡು ಕಂಪ್ಯೂಟರ್ ಲೆಕ್ಕ, ಮಾಡೀನಿ. ಒಂದು ಮಾಡೆಲ್ ಪ್ರತಿ ತಾಸಿಗೆ ಯಾವ ಭತ್ತ ಅಂತ ನೋಡತೈತಿ. ಇನ್ನೊಂದು ಯಾವುದರ ಹಿಂದ ಯಾವುದು ಅಂತ ನೋಡತೈತಿ. ಎರಡರಾಗ ಯಾವುದು ಚಲೋ ಅನ್ನೋದೇ ನನ್ನ ಸಂಶೋಧನೆ.

ಇವತ್ತು ಮಾವನ ಮುಂದ ಎರಡನ್ನೂ ಓಡಿಸಿದೆ. ಎರಡೂ ಒಂದೇ ಉತ್ತರ ಕೊಟ್ಟವು. ಲೆಕ್ಕ ಸರಿ ಐತಿ ಅಂತ ನಾ ಖುಷಿಯಾದೆ. ಮಾವ ಕನ್ನಡಕ ಏರಿಸಿದ.

"ಲೇ ವಾಣಿ, ಸಾಲಿಗೆ ಸಾಲು ಒಂದೇ ಐತಲ್ಲ! ಕಾಪಿ ಹೊಡದಾವ."

"ಇಲ್ಲ ಮಾವ, ಫರಕು ಟೈಮಿನ್ಯಾಗ ಐತಿ. ಇದು ಕಣ್ಣು ಮುಚ್ಚಿ ತೆಗೆಯೋದ್ರೊಳಗ ಮುಗಿಸಿತು. ಅದು ನೀ ಚಹಾ ಕುಡಿಯೋತನಕ ಒದ್ದಾಡ್ತು."

"ನಾನೂ ಅದನ್ನೇ ಹೇಳಾಕತ್ತೀನಿ. ಲಗೂ ಮುಗಿಸಿದ್ದು ಸ್ವಂತ ಬರದೈತಿ. ತಡಾ ಮಾಡಿದ್ದು ಅದರದು ನೋಡಿ ಬರದೈತಿ."

"ಮತ್ತ ಗಿರಣಿ ಇದರ ಪ್ರಕಾರ ನಡಸ್ತೀಯೋ ಇಲ್ಲೋ?"

"ನಾಳೆ ಎರಡನ್ನೂ ಬ್ಯಾರೆ ಬ್ಯಾರೆ ಲ್ಯಾಪ್‌ಟಾಪಿನ್ಯಾಗ ಕೂಡ್ಸು. ನಾ ನಡುವ ನಿಂದರ್ತೀನಿ. ಆಮ್ಯಾಲೆ ಗಿರಣಿ ಮಾತು."

ಮಸ್ಕಿ, ಲಿಂಗಸುಗೂರು ಕಡೆ ಯಾರ ಹತ್ರ ಆದ್ರೂ ಇನ್ನೊಂದು ಲ್ಯಾಪ್‌ಟಾಪ್ ಇದ್ರ ಮುಂಜಾನೆ ತಂದು ಕೊಡ್ರಿ. ನನ್ನ ಮಾಡೆಲ್‌ಗಳಿಗೆ ಮರುಪರೀಕ್ಷೆ ಐತಿ, ಮಾವ ಹಳೇ ಬೆತ್ತ ಹುಡುಕಾಕತ್ತಾನ.