ಕೊಟ್ಟಿಗೆಯೊಳಗಿನ ಕುರ್ಚಿ

ನನಗೀಗ ಕುರ್ಚಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಹಾವಿಗೆ ಹೆದರುವವನ ಮೇಲೆ ಜನ ಕನಿಕರಪಡುತ್ತಾರೆ. ಪ್ಲಾಸ್ಟಿಕ್ ಕುರ್ಚಿಗೆ ಹೆದರುವವನನ್ನು ಹೆಂಡತಿಯೂ ನಂಬುವುದಿಲ್ಲ. ನೀವಾದರೂ ಕೇಳಿ.

ನಾನು ವಿಜಯಪುರದವನು. ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳಲ್ಲಿ ದನಗಳಿಗೆ ಸೂಜಿ ಚುಚ್ಚಿ ನಿವೃತ್ತನಾದ ಸಣ್ಣ ನೌಕರ. ಡಾಕ್ಟರಲ್ಲ, ಹಳ್ಳಿಯವರು ಡಾಕ್ಟರ್ ಎಂದರು, ನಾನೂ ತಿದ್ದಲು ಹೋಗಲಿಲ್ಲ. ಮನೆಯಲ್ಲಿ ಕೈ ಸುಮ್ಮನಿರದೆ ಸ್ವಯಂಸೇವಕನಾಗಿ ಮೂರು ತಿಂಗಳು ತಾಂಜಾನಿಯಾಕ್ಕೆ ಹೋದೆ. ಅಲ್ಲಿಯ ರೈತರಿಗೆ ದನಗಳ ಆರೋಗ್ಯ ನೋಡಿಕೊಳ್ಳುವುದನ್ನು ಕಲಿಸುವ ಕೆಲಸ. ಭಾಷೆ ಬಾರದು, ಆದರೆ ಹಸು ಎಲ್ಲ ದೇಶದಲ್ಲೂ ಒಂದೇ ಥರ ನರಳುತ್ತದೆ. ದುಭಾಷಿಯ ಬಾಯಿಂದ ದಿನಾ ಹೇಳಿಸಿದ್ದು ಒಂದೇ ಪಾಠ: ಎಡಗಡೆ ಹೊಟ್ಟೆ ಉಬ್ಬಿದರೆ ಕಾಯಬೇಡಿ, ಕೂಡಲೇ ಕರೆಯಿರಿ. ಕಲಿತರು. ಒಬ್ಬ ಹೆಣ್ಣುಮಗಳಂತೂ ಊಟಕ್ಕೆ ಕೂತ ನನ್ನನ್ನು ರಟ್ಟೆ ಹಿಡಿದು ಎಳೆದೊಯ್ದಳು. ಅವಳ ಹಸು ಬದುಕಿತು. ಅಲ್ಲಿ ಯಾರೂ ನನಗೆ ಕುರ್ಚಿ ಹಾಕಲಿಲ್ಲ.

ಮರಳಿದ ಮೇಲೆ, ನಾನು ದುಡಿದ ಹಳ್ಳಿಗಳಲ್ಲೊಂದಾದ ಅರಕೇರಿಯವರು ಸತ್ಕಾರ ಇಟ್ಟುಕೊಂಡರು. ಶಾಲು, ಹಾರ, ಭಾಷಣ. ನಡುವಿನ ಕುರ್ಚಿಯಲ್ಲಿ ಮದುಮಗನ ಹಾಗೆ ಕೂತೆ. ಬೇಡವೆನ್ನಬಹುದಿತ್ತು, ಸುಳ್ಳೇಕೆ, ಸುಖವಾಗಿತ್ತು. ಹಾರ ಹಾಕಿದವನು ಗುರಪ್ಪ ಕಾಕಾ. ಅವನ ಆಕಳು ಕೆಂಪಿ ಹುಟ್ಟುವಾಗ ತಾಯಿಯ ಹೊಟ್ಟೆಯಲ್ಲಿ ಅಡ್ಡಲಾಗಿದ್ದಳು. ಹೊರಗೆಳೆದದ್ದು ಇದೇ ಕೈ. ಅಂದಿನಿಂದ ಅವಳು ಸೀನಿದರೂ ಫೋನು: “ಲೇ ತಮ್ಮಾ, ಎಲ್ಲಿ ಸತ್ತಿಯೋ? ಜಲ್ದಿ ಬಾ!” ಆ ದಿನ ಮಾತ್ರ ಕಾಕಾ ಕೈಮುಗಿದು, “ಕೂಡ್ರಿ ಸಾಹೇಬ್ರ” ಎಂದ. ನಾನು ನಕ್ಕೆ. ನಗಬಾರದಿತ್ತು.

ಎರಡು ವಾರಕ್ಕೆ ಕೆಂಪಿ ಹಸಿ ಮೇವು ವಿಪರೀತ ತಿಂದು, ಹೊಟ್ಟೆ ಉಬ್ಬಿ ಬಿದ್ದಳು. ಕಾಕಾ ಟಿಕೋಟಾದವರೆಗೂ ಯಾರ‍್ಯಾರಿಗೋ ಫೋನು ಹಚ್ಚಿದ. ಹೊತ್ತಿಗೆ ಯಾರೂ ಸಿಗಲಿಲ್ಲ. ಸ್ಕೂಟರಿನಲ್ಲಿ ಅರ್ಧ ಗಂಟೆಯ ದೂರದಲ್ಲಿದ್ದ ನಾನು ಸತ್ಕಾರದ ಫೋಟೋ ತೂಗುಹಾಕಲು ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ಎಣ್ಣೆ ಕುಡಿಸಿ, ಬಗ್ಗದಿದ್ದರೆ ಹೊಟ್ಟೆಗೆ ಸೂಜಿ ಚುಚ್ಚಿ ಗಾಳಿ ಹೊರಬಿಟ್ಟಿದ್ದರೆ ಏಳುತ್ತಿದ್ದಳು. ಸುದ್ದಿ ತಿಳಿದು ಓಡಿದಾಗ ಎಲ್ಲ ಮುಗಿದಿತ್ತು.

“ನನಗ್ಯಾಕ ಫೋನ್ ಮಾಡ್ಲಿಲ್ಲ ಕಾಕಾ?”

“ಪರದೇಶಕ್ಕ ಹೋಗಿ ಬಂದೋರು ನೀವು. ನಿಮ್ಮನ್ನ ಈ ಸಗಣ್ಯಾಗ ಹೆಂಗ ನಿಂದ್ರಸ್ಲಿರಿ?”

ಅಷ್ಟು ಹೇಳಿ, ಕಣ್ಣೊರೆಸುತ್ತ ಒಳಗೆ ಹೋಗಿ ಕುರ್ಚಿ ತಂದ. ಸತ್ತ ಆಕಳ ಪಕ್ಕದಲ್ಲಿ ನನಗೊಂದು ಕುರ್ಚಿ! ಕೂಡಲೇ ಕರೆಯಿರಿ ಎಂದು ಪರದೇಶದಲ್ಲಿ ನಾನು ಮಾಡಿದ ಪಾಠವನ್ನು, ಅಲ್ಲಿಗೆ ಹೋಗಿಬಂದೆನೆಂಬ ಒಂದೇ ಕಾರಣ ಇಲ್ಲಿ ಅಳಿಸಿಹಾಕಿತ್ತು.

ಹಳೆಯ ಕಥೆಗಳಲ್ಲಿ ರಾಜರು ಮಾರುವೇಷ ಹಾಕಿ ಊರು ಸುತ್ತುತ್ತಾರಲ್ಲ, ಏಕೆಂದು ಈಗ ಹೊಳೆಯಿತು. ಕುರ್ಚಿಯಲ್ಲಿ ಕೂತವನಿಗೆ ಯಾರೂ ತಮ್ಮ ಮನೆಯ ಹೊಟ್ಟೆನೋವು ಹೇಳುವುದಿಲ್ಲ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂಥ ಬುದ್ಧಿ ಇದು. ಕೆಂಪಿಗೆ ಇದರಿಂದೇನು ಬಂತು?

ಅವಳದೊಂದು ಎಳೆಗರು ಉಳಿದಿದೆ. ಅದನ್ನು ನೋಡಲು ದಿನಾ ಹೋಗುತ್ತೇನೆ. ಮೊನ್ನೆ, ಕಾಕಾ ಇಟ್ಟ ಕುರ್ಚಿಯನ್ನು ಆಚೆ ದೂಡಿ ಸಗಣಿಯಲ್ಲೇ ಕೂತುಬಿಟ್ಟೆ. “ಕಾಕಾ, ಒಮ್ಮೆರೆ ನನ್ನ ಬೈಯೋ ಯಪ್ಪಾ” ಎಂದು ಬೇಡಿಕೊಂಡೆ. ಕಾಕಾ ಗಾಬರಿಯಿಂದ ಒಳಗೆ ಓಡಿದ. ಬಡಿಗೆ ತರುತ್ತಾನೆಂದು ಆಸೆಪಟ್ಟೆ.

ತಂದದ್ದು ತೊಳೆದ ಚಾದರ. “ಏಳ್ರಿ ಸಾಹೇಬ್ರ, ಇದರ ಮ್ಯಾಲ ಕೂಡ್ರಿ. ಅರವಿ ಹೊಲಸಾಗ್ತಾವ.”